ಎರಡು ಕಣ್ಣು ಸಮವಿಲ್ಲದಾಗ



ಶಿವನಿಗೆ ವಿರೂಪಾಕ್ಷನೆಂಬ ಹೆಸರುಂಟು. ವಿಷಮಾಕ್ಷನೆಂಬ ಹೆಸರೂ ಉಂಟು. ವಿಷಮವೆಂದರೆ ಬೆಸ. ಎರಡಲ್ಲದೆ ಮೂರು ಕಣ್ಣುಳ್ಳವನಾದ್ದರಿಂದ ಆತ ವಿಷಮಾಕ್ಷ. ಹಂಪೆಯ ಗುಡಿಯಲ್ಲಿ ವಿರೂಪಾಕ್ಷನೆಂದು ಕೈಮುಗಿಯುವ ನಾವು, ಮನೆಯ ಮಗನಿಗೂ ಅದೇ ಹೆಸರಿಟ್ಟು ಕರೆಯುವ ನಾವು, ಮನೆಯ ಹೆಣ್ಣುಮಗಳ ಎರಡು ಕಣ್ಣುಗಳು ಸಮವಾಗಿಲ್ಲವೆಂದರೆ ಮಾತ್ರ ಒಂದೋ ಅದನ್ನು ಅದೃಷ್ಟವೆಂದು ಕೊಂಡಾಡುತ್ತೇವೆ, ಇಲ್ಲವೇ ದೋಷವೆಂದು ಮುಚ್ಚಿಡುತ್ತೇವೆ. ಕೊಂಡಾಟ ಮತ್ತು ಮುಚ್ಚುಮರೆ ಇವೆರಡರ ನಡುವೆ, ವೈದ್ಯರ ಬಳಿಗೆ ಹೋಗಬೇಕಾದ ಕಾಲ ಕಳೆದುಹೋಗುತ್ತದೆ. ಹಾಗೆ ಕಳೆದುಹೋದ ಕಾಲವನ್ನು ಯಾವ ಶಸ್ತ್ರವೂ ಮರಳಿ ತರಲಾರದು. ಈ ತಿಂಗಳು ನಾನು ಹೇಳಬೇಕೆಂದಿರುವುದು ಇಷ್ಟೇ.

ನಾನು ವೈದ್ಯನಲ್ಲ. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮಕ್ಕಳಿಗೆ ಪಾಠ ಹೇಳಿ ಬದುಕಿದವನು. ಆದರೆ ನನ್ನ ಒಡಹುಟ್ಟಿದ ತಂಗಿಯ ಕಣ್ಣಿನ ಹಿಂದೆ ನಾಲ್ಕು ದಶಕಗಳಿಂದ ಆಸ್ಪತ್ರೆಗಳ ಮೆಟ್ಟಿಲು ಹತ್ತಿದವನು. ವೈದ್ಯರನ್ನು ಕೇಳಿ, ಓದಿ ತಿಳಿದುದನ್ನು ನನ್ನ ಮಾತಿನಲ್ಲಿ ನಿಮ್ಮ ಮುಂದಿಡುತ್ತೇನೆ.

ನಮ್ಮ ಊರು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಕನಕೋಟೆಯ ಕಾಡಿನ ಅಂಚಿನಲ್ಲಿದೆ. ನನ್ನ ತಂಗಿಗೆ ಹುಟ್ಟಿದ ಎರಡು ಮೂರು ವರ್ಷಗಳಲ್ಲಿಯೇ ಎಡಗಣ್ಣು ಮೂಗಿನ ಕಡೆಗೆ ವಾಲತೊಡಗಿತ್ತು. ಅಜ್ಜಿ ಅದನ್ನು ನೋಡಿ, ‘ಮೆಳ್ಳೆಗಣ್ಣು ಮನೆಗೆ ಸಿರಿ ತರುತ್ತದೆ, ಯಾರೂ ಏನೂ ಅನ್ನಬೇಡಿ’ ಎಂದು ಬಾಯಿ ಕಟ್ಟಿದರು. 1971ರಲ್ಲಿ, ಕಾಕನಕೋಟೆಯಲ್ಲಿ ಕಡೆಯ ಖೆಡ್ಡಾ ನಡೆದ ವರ್ಷ, ತಂಗಿಗೆ ಏಳು ವರ್ಷ. ಆ ದಿನಗಳಲ್ಲೊಮ್ಮೆ ಜಗಲಿಯ ಮೇಲೆ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಬಟ್ಟೆ ಜಾರಿ ಅವಳ ಬಲಗಣ್ಣು ಮಾತ್ರ ಮುಚ್ಚಿತ್ತು, ಎಡಗಣ್ಣು ತೆರೆದೇ ಇತ್ತು. ಆದರೂ ಅವಳು ನೇರವಾಗಿ ಹೋಗಿ ಕಂಬಕ್ಕೆ ಹಣೆ ಹೊಡೆದುಕೊಂಡಳು. ನಾವೆಲ್ಲ ನಕ್ಕೆವು. ತೆರೆದ ಕಣ್ಣಿಗೆ ಕಂಬವೇಕೆ ಕಾಣಲಿಲ್ಲವೆಂದು ಯಾರೂ ಕೇಳಲಿಲ್ಲ.

ಕೇಳಿದವರು 1983ರಲ್ಲಿ ಮೈಸೂರಿನ ವೈದ್ಯರು. ಹೆಣ್ಣು ನೋಡಲು ಬಂದವರಲ್ಲಿ ಹಿರಿಯರೊಬ್ಬರು, ‘ಹುಡುಗಿ ಯಾರನ್ನು ನೋಡುತ್ತಿದ್ದಾಳೆ?’ ಎಂದು ಮೆಲ್ಲಗೆ ಅಂದದ್ದು ಅವ್ವನ ಕಿವಿಗೆ ಬಿದ್ದು, ಮರುವಾರವೇ ನಾವು ಬಸ್ಸು ಹತ್ತಿದೆವು. ವೈದ್ಯರು ಬಲಗಣ್ಣನ್ನು ಮುಚ್ಚಿ, ಎಡಗಣ್ಣಿನ ಮುಂದೆ ಬೆರಳು ಹಿಡಿದು ಎಷ್ಟೆಂದು ಕೇಳಿದರು. ಒಂದು ಮಾರು ದೂರದಿಂದಾಚೆಗೆ ಅವಳಿಗೆ ಎಣಿಸಲಾಗಲಿಲ್ಲ. ‘ಕಣ್ಣನ್ನು ನೇರ ಮಾಡಬಲ್ಲೆ, ತಾಯಿ. ನೋಟವನ್ನು ತರಲಾರೆ. ಆ ಕೆಲಸಕ್ಕೆ ಈಕೆ ಚಿಕ್ಕವಳಿದ್ದಾಗಲೇ ಬರಬೇಕಿತ್ತು’ ಎಂದರು. ಅವ್ವ, ‘ನೇರವಾದರೆ ಸಾಕು ಬುದ್ಧಿ, ಮದುವೆಯೊಂದು ಆದರೆ ಸಾಕು’ ಎಂದು ಕೈಮುಗಿದಳು. ಶಸ್ತ್ರಕ್ರಿಯೆ ನಡೆಯಿತು, ಕಣ್ಣು ನೇರವಾಯಿತು, ಕೃಷ್ಣರಾಜನಗರದ ಕಡೆಯ ಗದ್ದೆಯವರ ಮನೆಗೆ ಮದುವೆಯೂ ಆಯಿತು. ನಾವು ಗೆದ್ದೆವೆಂದೇ ತಿಳಿದೆವು. ಉಳಿದ ಕಥೆಯನ್ನು ಮುಂದೆ ಹೇಳುವೆ.

ಕಣ್ಣುಗಳು ಸಮವಿಲ್ಲವೆಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದು ಒಂದು ರೋಗವಲ್ಲ. ಸುಶ್ರುತನು ತನ್ನ ಉತ್ತರತಂತ್ರದಲ್ಲಿ ಕಣ್ಣಿನ ರೋಗಗಳನ್ನು 76 ಎಂದು ಎಣಿಸಿ, ಅವು ಕಣ್ಣಿನ ಯಾವ ಭಾಗವನ್ನು ಆಶ್ರಯಿಸಿವೆ ಎಂಬುದರ ಮೇಲೆ ವಿಂಗಡಿಸುತ್ತಾನೆ; ರೆಪ್ಪೆಗೆ ಸಂಬಂಧಿಸಿದವೇ 21. ಆ ಕ್ರಮ ನಮಗೂ ಮಾದರಿ. ಅಸಮತೆ ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಎರಡು ಕಣ್ಣುಗಳು ಒಂದೇ ಕಡೆಗೆ ನೋಡುತ್ತಿಲ್ಲವೋ? ಒಂದು ರೆಪ್ಪೆ ಜೋತುಬಿದ್ದಿದೆಯೋ? ಒಂದು ಗುಡ್ಡೆ ಮುಂದಕ್ಕೆ ಉಬ್ಬಿದೆಯೋ, ಹಿಂದಕ್ಕೆ ಕುಸಿದಿದೆಯೋ? ಕಣ್ಣು ಕುಳಿತಿರುವ ಮೂಳೆಯ ಗೂಡೇ ಮೇಲೆ ಕೆಳಗೆ ಆಗಿದೆಯೋ? ಈ ನಾಲ್ಕಕ್ಕೂ ಚಿಕಿತ್ಸೆ ಬೇರೆ ಬೇರೆ, ಕಾಲವೂ ಬೇರೆ ಬೇರೆ.

ಇವು ಯಾವುವೂ ಅಲ್ಲದ ಐದನೆಯದೂ ಒಂದಿದೆ; ಅದು ನಮ್ಮೆಲ್ಲರ ಮುಖದಲ್ಲಿಯೂ ಇರುವಂಥದು. ಶಿಲ್ಪಿ ತೂಗುಗುಂಡು ಇಳಿಬಿಟ್ಟು, ಸೂತ್ರ ಹಿಡಿದು ಮೂರ್ತಿಯ ಎಡಬಲಗಳನ್ನು ಸರಿಗೊಳಿಸುತ್ತಾನೆ. ಜೀವಂತ ಮುಖಕ್ಕೆ ಆ ಸೂತ್ರವಿಲ್ಲ. ಒಂದು ಹುಬ್ಬು ಕೂದಲೆಳೆಯಷ್ಟು ಮೇಲಿರುತ್ತದೆ, ಒಂದು ಕಣ್ಣು ತುಸು ಕಿರಿದಾಗಿರುತ್ತದೆ. ಹಿಂದಿನ ವರ್ಷ ನಮ್ಮ ವಿದ್ಯಾರ್ಥಿನಿಲಯದ ತರುಣನೊಬ್ಬ ಬಂದು, ತನ್ನ ಕಣ್ಣುಗಳು ಓರೆಯಾಗಿವೆ, ಬೆಂಗಳೂರಿಗೆ ಹೋಗಿ ಶಸ್ತ್ರಕ್ರಿಯೆ ಮಾಡಿಸಿಕೊಳ್ಳಬೇಕು, ಸಾಲ ಕೊಡಿಸಿ ಎಂದು ಕೇಳಿದ. ನನಗೆ ಓರೆ ಕಾಣಲಿಲ್ಲ. ಅವನಿಗೆ ಅದು ಕಂಡದ್ದು ಮೊಬೈಲಿನ ಚಿತ್ರದಲ್ಲಿ. ನಾವು ಬಾಲ್ಯದಿಂದ ನಮ್ಮ ಮುಖವನ್ನು ಕನ್ನಡಿಯಲ್ಲಿ ಎಡಬಲ ತಿರುವಿ ನೋಡಿ ರೂಢಿಯಾದವರು. ಬೇರೆಯವರಿಗೆ ಕಾಣುವಂತೆಯೇ ಚಿತ್ರದಲ್ಲಿ ಕಂಡಾಗ ಅದೇ ಮುಖ ಅಪರಿಚಿತವಾಗಿ, ಸೊಟ್ಟಗೆ ತೋರುತ್ತದೆ. ಅವನನ್ನು ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಿದೆ. ಅವರು ಪರೀಕ್ಷಿಸಿ, ‘ಏನೂ ಇಲ್ಲ, ಓದಿಕೋ ಹೋಗು’ ಎಂದರು. ಆರೋಗ್ಯವಾದ ಕಣ್ಣಿನ ಸುತ್ತ ಕತ್ತರಿಯನ್ನಾಗಲಿ ಸೂಜಿಯನ್ನಾಗಲಿ ಆಡಿಸುವುದು ಆಟವಲ್ಲ. ಕಣ್ಣಿನ ಕೆಳಗಿನ ಗುಳಿ ತುಂಬಲೆಂದು ಕೊಡುವ ಫಿಲ್ಲರ್ ಚುಚ್ಚುಮದ್ದು ರಕ್ತನಾಳದೊಳಗೆ ಸೇರಿ ದೃಷ್ಟಿಯೇ ಹೋದ ಪ್ರಸಂಗಗಳು, ಅಪರೂಪವಾದರೂ, ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ.

ಈಗ ಮೊದಲನೆಯದಾದ ಮೆಳ್ಳೆಗಣ್ಣಿಗೆ ಬರೋಣ. ಪ್ರತಿ ಕಣ್ಣಿನ ಗುಡ್ಡೆಗೆ ಹೊರಗಿನಿಂದ ಆರು ಸ್ನಾಯುಗಳು ಅಂಟಿಕೊಂಡು ಅದನ್ನು ತಿರುಗಿಸುತ್ತವೆ. ಅವು ಎತ್ತಿನ ಹಗ್ಗಗಳಿದ್ದಂತೆ. ಒಂದು ಬದಿಯ ಹಗ್ಗ ಬಿಗಿದರೆ ಎತ್ತು ಆ ಬದಿಗೆ ತಿರುಗುತ್ತದೆ. ಶಸ್ತ್ರವೈದ್ಯರು ಮಾಡುವುದು ಈ ಹಗ್ಗಗಳ ಹೊಂದಾಣಿಕೆಯನ್ನೇ. ಬಿಗಿಯಾಗಿ ಎಳೆಯುವ ಸ್ನಾಯುವನ್ನು ಅದರ ಬುಡದಲ್ಲಿ ಬಿಡಿಸಿ ಕೆಲವು ಮಿಲಿಮೀಟರ್ ಹಿಂದಕ್ಕೆ ಹೊಲಿಯುತ್ತಾರೆ. ಸಡಿಲವಾದುದನ್ನು ತುಸು ಕತ್ತರಿಸಿ ಮೋಟುಗೊಳಿಸಿ ಹೊಲಿಯುತ್ತಾರೆ. ಗುಡ್ಡೆಯನ್ನು ಹೊರತೆಗೆದು ಬಟ್ಟಲಲ್ಲಿಟ್ಟು ಮತ್ತೆ ಕೂರಿಸುತ್ತಾರೆಂಬ ಭಯ ನಮ್ಮ ಹಳ್ಳಿಗಳಲ್ಲಿದೆ. ಅದು ಸುಳ್ಳು. ಗುಡ್ಡೆ ಇದ್ದಲ್ಲಿಯೇ ಇರುತ್ತದೆ, ಅದರ ಒಳಭಾಗವನ್ನು ಯಾರೂ ಮುಟ್ಟುವುದಿಲ್ಲ. ಇಂಥ ಶಸ್ತ್ರಕ್ರಿಯೆಯನ್ನು 1839ರಲ್ಲಿ ಬರ್ಲಿನ್ನಿನ ಡೀಫೆನ್‌ಬಾಖ್ ಎಂಬ ವೈದ್ಯ ಏಳು ವರ್ಷದ ಬಾಲಕನೊಬ್ಬನಿಗೆ ಮಾಡಿದ. ಆಗ ಅರಿವಳಿಕೆಯೇ ಇನ್ನೂ ಬಂದಿರಲಿಲ್ಲ. ಇಂದು ಮಕ್ಕಳಿಗೆ ಪೂರ್ಣ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಕೆಲವರಿಗೆ ಎರಡನೆಯ ಬಾರಿ ಬೇಕಾಗುವುದೂ ಉಂಟು. ಅದನ್ನು ಸೋಲೆಂದು ತಿಳಿಯಬಾರದು. ಕೆಲವು ಬಗೆಯ ಮೆಳ್ಳೆಗೆ ಬಿಗಿಯಾದ ಸ್ನಾಯುವಿಗೆ ಬೊಟುಲಿನಮ್ ಚುಚ್ಚುಮದ್ದು ಕೊಡುವ ದಾರಿಯೂ ಇದೆ. ಅಮೆರಿಕದ ಆಲನ್ ಸ್ಕಾಟ್ ಎಂಬ ನೇತ್ರವೈದ್ಯರು ರೂಢಿಗೆ ತಂದ ಈ ಔಷಧಕ್ಕೆ ಅಲ್ಲಿನ ಸರ್ಕಾರ 1989ರಲ್ಲಿ ಒಪ್ಪಿಗೆ ಕೊಟ್ಟಿತು. ಇಂದು ಸುಕ್ಕು ಬಿಡಿಸಲು ಬಳಸುವ ಮದ್ದು ಮೊದಲು ಬಂದದ್ದು ಮೆಳ್ಳೆಗಣ್ಣಿಗಾಗಿ.

ಎಲ್ಲ ಮೆಳ್ಳೆಗೂ ಶಸ್ತ್ರ ಬೇಡವೆಂಬುದು ಇದಕ್ಕಿಂತ ಮುಖ್ಯವಾದ ಮಾತು. ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ನೋಡಲು ಅತಿಯಾಗಿ ಶ್ರಮಿಸುವ ಕಣ್ಣು ಒಳಕ್ಕೆ ವಾಲುತ್ತದೆ. ಅಂಥ ಮಗುವಿಗೆ ತಕ್ಕ ಕನ್ನಡಕ ಹಾಕಿದರೆ, ಶ್ರಮ ತಪ್ಪಿ, ಕಣ್ಣು ತಾನಾಗಿ ನೇರವಾಗುವುದುಂಟು. ಕೈಗೂಸುಗಳಲ್ಲಿ ಮೂಗಿನ ಸೇತುವೆ ಚಪ್ಪಟೆಯಾಗಿದ್ದು, ಕಣ್ಣಿನ ಒಳಮೂಲೆಯನ್ನು ಚರ್ಮ ಮುಚ್ಚಿರುವುದರಿಂದ ಮೆಳ್ಳೆಯಿಲ್ಲದೆಯೂ ಮೆಳ್ಳೆಯಿರುವಂತೆ ಕಾಣುವುದೂ ಉಂಟು. ಎದುರಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರದಲ್ಲಿ ಬೆಳಕಿನ ಚುಕ್ಕಿ ಎರಡು ಪಾಪೆಗಳಲ್ಲಿಯೂ ಒಂದೇ ಜಾಗದಲ್ಲಿ ಬಿದ್ದಿದ್ದರೆ ಕಣ್ಣು ನೇರವಾಗಿರುವ ಸಂಭವ ಹೆಚ್ಚು. ಆದರೂ ನಿರ್ಣಯ ವೈದ್ಯರದೇ ಆಗಲಿ. ಹುಟ್ಟಿದ ಮೊದಲ ಕೆಲವು ತಿಂಗಳು ಮಗುವಿನ ನೋಟ ಆಗೀಗ ಚದುರುವುದು ಸಹಜ. ಆ ಮೇಲೂ ಉಳಿದರೆ ಸಹಜವಲ್ಲ.

ಇನ್ನು ಕಾಲದ ಮಾತು. ನೋಡುವುದು ಕಣ್ಣಲ್ಲ, ಕಣ್ಣಿನ ಮೂಲಕ ಮಿದುಳು. ಎರಡು ಕಣ್ಣುಗಳು ಎರಡು ದಿಕ್ಕನ್ನು ತೋರಿಸಿದಾಗ ಮಗುವಿನ ಮಿದುಳು ಗೊಂದಲಕ್ಕೊಳಗಾಗಿ, ವಾಲಿದ ಕಣ್ಣಿನ ಮಾತನ್ನು ಕೇಳುವುದನ್ನೇ ಬಿಟ್ಟುಬಿಡುತ್ತದೆ. ಕಣ್ಣಿನಲ್ಲಿ ಯಾವ ದೋಷವೂ ಇಲ್ಲದೆ ನೋಟ ಕುಂದುತ್ತದೆ. ಇದನ್ನೇ ಸೋಮಾರಿ ಕಣ್ಣು ಎನ್ನುತ್ತಾರೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳೆಯ ವಯಸ್ಸಿನಲ್ಲಿ ಮುಚ್ಚಿ, ಕೆಲವು ವಾರಗಳ ತರುವಾಯ ತೆರೆದು ನೋಡಿದರು. ಕಣ್ಣು ಚೆನ್ನಾಗಿಯೇ ಇತ್ತು. ಮಿದುಳಿನಲ್ಲಿ ಅದಕ್ಕೆ ಓಗೊಡುವ ಜೀವಕೋಶಗಳು ಬಹುಮಟ್ಟಿಗೆ ಉಳಿದಿರಲಿಲ್ಲ. ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗಲಿಲ್ಲ. ದೃಷ್ಟಿಯ ಬಗೆಗಿನ ಇಂಥ ಸಂಶೋಧನೆಗಳಿಗಾಗಿ ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ನಮ್ಮ ಮಕ್ಕಳ ಮಿದುಳು ಈ ವಿಷಯದಲ್ಲಿ ಏಳೆಂಟು ವರ್ಷದವರೆಗೆ ಹಸಿ ಮಣ್ಣಿನಂತಿರುತ್ತದೆ. ಆ ಅವಧಿಯಲ್ಲಿ ಒಳ್ಳೆಯ ಕಣ್ಣಿನ ಮೇಲೆ ದಿನಕ್ಕೆ ಇಂತಿಷ್ಟು ಹೊತ್ತು ಪಟ್ಟಿ ಅಂಟಿಸಿ, ಸೋಮಾರಿ ಕಣ್ಣಿಗೆ ಕೆಲಸ ಕೊಟ್ಟರೆ ನೋಟ ಮರಳುತ್ತದೆ. ಹದಿಹರೆಯದಲ್ಲಿಯೂ ಕೆಲವರಿಗೆ ಅಷ್ಟಿಷ್ಟು ಫಲ ಸಿಕ್ಕಿದೆ. ಆದರೆ ವಯಸ್ಸು ಏರಿದಷ್ಟೂ ಮಣ್ಣು ಒಣಗುತ್ತದೆ. ನನ್ನ ತಂಗಿ ಕಂಬಕ್ಕೆ ಹಾಯ್ದದ್ದು ಏಳನೆಯ ವರ್ಷದಲ್ಲಿ. ಬಾಗಿಲು ಮುಚ್ಚುತ್ತಿತ್ತು, ಇನ್ನೂ ಮುಚ್ಚಿರಲಿಲ್ಲ.

ಉಳಿದ ಕಥೆ ಹೀಗಿದೆ. 2016ರ ಸುಗ್ಗಿಯಲ್ಲಿ ಕಣದಲ್ಲಿ ಭತ್ತ ತೂರುವಾಗ ತಂಗಿಯ ಬಲಗಣ್ಣಿಗೆ, ಅಂದರೆ ಒಳ್ಳೆಯ ಕಣ್ಣಿಗೆ, ಸುಂಕು ಬಡಿಯಿತು. ಎರಡು ದಿನ ಹರಳೆಣ್ಣೆ ಬಿಟ್ಟರು, ಮೂರನೆಯ ದಿನ ಯಾವುದೋ ಸೊಪ್ಪಿನ ರಸ ಹಿಂಡಿದರು. ಬೆಳೆಯ ಸುಂಕು, ಎಲೆಯ ಅಲಗು ತಗುಲಿದ ಕಣ್ಣಿನಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗುವುದು ರೈತಾಪಿ ಮನೆಗಳಲ್ಲಿ ಹೊಸದಲ್ಲ. ಆಸ್ಪತ್ರೆಗೆ ಹೋಗುವ ವೇಳೆಗೆ ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ಕಟ್ಟಿತ್ತು. ಬೇರೆಯವರಾಗಿದ್ದರೆ ಇನ್ನೊಂದು ಕಣ್ಣಿನಿಂದ ಬದುಕು ಸಾಗಿಸುತ್ತಿದ್ದರು. ‘ಅಣ್ಣಯ್ಯ, ನನಗೆ ಎರಡು ಕಣ್ಣಿವೆ ಅಂತ ಊರೆಲ್ಲ ಅಂದುಕೊಂಡಿತ್ತು. ನನಗೆ ಇದ್ದದ್ದು ಒಂದೇ’ ಎಂದು ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಮುಂದೆ ಪುಣ್ಯಾತ್ಮರೊಬ್ಬರು ದಾನವಿತ್ತ ಕಾರ್ನಿಯಾ ಕಸಿ ಮಾಡಿದ ಮೇಲೆ, ಮನೆಯೊಳಗೆ ತಾನಾಗಿ ಓಡಾಡುವಷ್ಟು ನೋಟ ಬಂದಿದೆ. ಮದುವೆಗಾಗಿ ನೇರ ಮಾಡಿಸಿದ ಎಡಗಣ್ಣು ಈಚೆಗೆ ಹೊರಕ್ಕೆ ವಾಲತೊಡಗಿದೆ. ನೋಟವಿಲ್ಲದ ಕಣ್ಣು ಹಾಗೆ ಹಾದಿ ತಪ್ಪುವುದುಂಟಂತೆ. ಸೋಮಾರಿ ಕಣ್ಣನ್ನು ಕಡೆಗಣಿಸುವುದೆಂದರೆ ಇಡೀ ಬಾಳನ್ನು ಒಂದೇ ಕಣ್ಣಿನ ಭರವಸೆಯ ಮೇಲೆ ನಿಲ್ಲಿಸುವುದು.

ಎರಡನೆಯದು ರೆಪ್ಪೆ. ನನ್ನ ಸಹಪಾಠಿಯೊಬ್ಬನಿಗೆ ಹುಟ್ಟಿನಿಂದ ಎರಡು ರೆಪ್ಪೆಗಳೂ ಜೋತಿದ್ದವು, ಎಡದ್ದು ಹೆಚ್ಚು. ರೆಪ್ಪೆಯ ಕೆಳಗಿನಿಂದ ನೋಡಬೇಕಾದ್ದರಿಂದ ಅವನು ಗಲ್ಲ ಎತ್ತಿ, ಹುಬ್ಬು ಏರಿಸಿ ನಡೆಯುತ್ತಿದ್ದ. ಮೇಷ್ಟರೊಬ್ಬರು ಇದು ಕೊಬ್ಬೆಂದು ತಿಳಿದು ಅವನ ನೆತ್ತಿಗೆ ಬಾರಿಸಿ ಕತ್ತು ತಗ್ಗಿಸುತ್ತಿದ್ದರು. ಅವನು ತಲೆತಗ್ಗಿಸಿದ ಕೂಡಲೇ ಹಲಗೆ ಕಾಣದೆ ತಪ್ಪು ಓದುತ್ತಿದ್ದ, ಅದಕ್ಕೂ ಪೆಟ್ಟು ತಿನ್ನುತ್ತಿದ್ದ. ಗಲ್ಲ ಎತ್ತಿ ನೋಡುವ ಮಗು, ಕತ್ತನ್ನು ಸದಾ ಒಂದೇ ಕಡೆಗೆ ವಾಲಿಸಿ ನೋಡುವ ಮಗು ಕಣ್ಣಿನ ದೋಷವನ್ನು ಕತ್ತಿನಿಂದ ಸರಿದೂಗಿಸಿಕೊಳ್ಳುತ್ತಿರಬಹುದೆಂದು ಉಪಾಧ್ಯಾಯರೂ ತಾಯಂದಿರೂ ನೆನಪಿಡಬೇಕು.

ಜೋತುಬಿದ್ದ ರೆಪ್ಪೆಗೆ ಶಸ್ತ್ರಕ್ರಿಯೆಯೇ ಮುಖ್ಯ ದಾರಿ. ಯಾವ ಬಗೆಯದೆಂಬುದು ರೆಪ್ಪೆಯನ್ನು ಎತ್ತುವ ಸ್ನಾಯುವಿನ ಬಲವನ್ನು ಅವಲಂಬಿಸಿದೆ. ವೈದ್ಯರು ಹುಬ್ಬನ್ನು ಒತ್ತಿಹಿಡಿದು, ಮಗು ಕೆಳಗೆ ನೋಡಿ ಮೇಲೆ ನೋಡುವಷ್ಟರಲ್ಲಿ ರೆಪ್ಪೆ ಎಷ್ಟು ಮಿಲಿಮೀಟರ್ ಏರಿತೆಂದು ಅಳೆಯುತ್ತಾರೆ. ಸ್ನಾಯುವಿಗೆ ಬಲವಿದ್ದರೆ ಅದನ್ನೇ ಮೋಟುಗೊಳಿಸಿ ಬಿಗಿ ಮಾಡುತ್ತಾರೆ. ಜೋಲು ಅಲ್ಪವಾಗಿದ್ದು, ಪರೀಕ್ಷೆಗಾಗಿ ಹಾಕುವ ಹನಿಮದ್ದಿಗೆ ರೆಪ್ಪೆ ಏರಿದರೆ, ರೆಪ್ಪೆಯ ಒಳಬದಿಯಿಂದ ಹೊರಗೆ ಗಾಯದ ಗುರುತಿಲ್ಲದಂತೆ ಮಾಡುವ ವಿಧಾನವಿದೆ. ಸ್ನಾಯು ನಾಲ್ಕು ಮಿಲಿಮೀಟರಿನಷ್ಟೂ ಎತ್ತಲಾರದೆ ಹೋದರೆ, ಸಿಲಿಕೋನ್ ಎಳೆಯಿಂದಾಗಲಿ, ತೊಡೆಯಿಂದ ತೆಗೆದ ಗಟ್ಟಿ ಪೊರೆಯ ಪಟ್ಟಿಯಿಂದಾಗಲಿ ರೆಪ್ಪೆಯನ್ನು ಹುಬ್ಬಿನ ಸ್ನಾಯುವಿಗೆ ತೂಗುಹಾಕುತ್ತಾರೆ. ಆಮೇಲೆ ಮಗು ಹುಬ್ಬೆತ್ತಿದರೆ ರೆಪ್ಪೆ ಏಳುತ್ತದೆ. ತೊಡೆಯ ಪೊರೆ ತೆಗೆಯಲು ಮಗು ಮೂರು ನಾಲ್ಕು ವರ್ಷದ್ದಾಗಿರಬೇಕು. ಆದರೆ ರೆಪ್ಪೆ ಪಾಪೆಯನ್ನೇ ಮುಚ್ಚಿದ್ದರೆ ಅಲ್ಲಿಯವರೆಗೆ ಕಾಯದೆ ಸಿಲಿಕೋನ್ ಬಳಸುತ್ತಾರೆ, ಏಕೆಂದರೆ ಮುಚ್ಚಿದ ಕಣ್ಣೂ ಸೋಮಾರಿಯಾಗುತ್ತದೆ. ಪಾಪೆ ತೆರೆದಿದ್ದು ನೋಟ ಚೆನ್ನಾಗಿದ್ದರೆ ಅವಸರವಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಎರಡು ರೆಪ್ಪೆಗಳಿಗೂ ಮಿದುಳು ಒಂದೇ ಪ್ರಮಾಣದ ಅಪ್ಪಣೆ ಕೊಡುತ್ತದೆ. ಜೋಡೆತ್ತಿಗೆ ಒಂದೇ ಚಾಟಿ ಇದ್ದಂತೆ. ಜೋತ ರೆಪ್ಪೆಯನ್ನು ಎತ್ತಲು ಮಿದುಳು ಹೆಚ್ಚು ಶ್ರಮಿಸುವಾಗ ಇನ್ನೊಂದು ರೆಪ್ಪೆಯೂ ಅದರೊಡನೆ ಮೇಲೆ ನಿಂತಿರುತ್ತದೆ. ಶಸ್ತ್ರದಿಂದ ಒಂದನ್ನು ಸರಿಪಡಿಸಿದೊಡನೆ ಆ ಹೆಚ್ಚಿನ ಶ್ರಮ ನಿಂತು, ಸರಿಯಾಗಿದ್ದ ರೆಪ್ಪೆ ಇಳಿದುಬಿಡಬಹುದು. ಬಲ್ಲ ವೈದ್ಯರು ಮೊದಲೇ ಜೋತ ರೆಪ್ಪೆಯನ್ನು ಬೆರಳಿನಿಂದ ಎತ್ತಿಹಿಡಿದು ಇನ್ನೊಂದು ಇಳಿಯುವುದೇ ಎಂದು ನೋಡುತ್ತಾರೆ. ತೂಗುಹಾಕಿದ ರೆಪ್ಪೆ ನಿದ್ದೆಯಲ್ಲಿ ಪೂರ್ತಿ ಮುಚ್ಚದಿರುವುದೂ, ಕೆಳಗೆ ನೋಡಿದಾಗ ಅಷ್ಟಾಗಿ ಇಳಿಯದಿರುವುದೂ ನಿರೀಕ್ಷಿತವೇ. ಕಣ್ಣು ಒಣಗದಂತೆ ರಾತ್ರಿ ಮುಲಾಮು ಹಚ್ಚಬೇಕು. ಎಲ್ಲ ಹೊತ್ತಿನಲ್ಲಿಯೂ, ಎಲ್ಲ ನೋಟದಲ್ಲಿಯೂ ಎರಡು ಕಣ್ಣು ಅಚ್ಚೊತ್ತಿದಂತೆ ಸಮವಾಗುತ್ತವೆಂದು ಯಾರಾದರೂ ಮಾತು ಕೊಟ್ಟರೆ ಆ ಮಾತನ್ನು ನಂಬಬೇಡಿ.

ಮೂರನೆಯದು ಗುಡ್ಡೆ. ದೊಡ್ಡವರಲ್ಲಿ ಒಂದು ಅಥವಾ ಎರಡು ಕಣ್ಣು ಮುಂದಕ್ಕೆ ಉಬ್ಬಿ, ಬೆದರಿದಂತೆ ಕಾಣುವುದಕ್ಕೆ ಥೈರಾಯ್ಡ್ ಗ್ರಂಥಿಗೆ ಸಂಬಂಧಿಸಿದ ರೋಗ ಸಾಮಾನ್ಯ ಕಾರಣ. ಅಲ್ಲಿ ಮೊದಲು ಗ್ರಂಥಿಯ ಚಿಕಿತ್ಸೆ. ಕಣ್ಣಿನ ಉರಿ ಊತಗಳು ಶಮನಗೊಂಡ ಮೇಲೆ ಬೇಕಿದ್ದರೆ ಶಸ್ತ್ರಕ್ರಿಯೆ. ಅದಕ್ಕೂ ಒಂದು ಅನುಕ್ರಮವಿದೆ: ಮೊದಲು ಮೂಳೆಯ ಗೂಡನ್ನು ತುಸು ವಿಶಾಲಗೊಳಿಸಿ ಗುಡ್ಡೆಯನ್ನು ಹಿಂದಕ್ಕೆ ಸರಿಸುವುದು, ಆಮೇಲೆ ಮೆಳ್ಳೆಯನ್ನು ಸರಿಪಡಿಸುವುದು, ಕಡೆಗೆ ರೆಪ್ಪೆ. ದೃಷ್ಟಿನರ ಒತ್ತಡಕ್ಕೆ ಸಿಕ್ಕಿದ್ದರೆ ಮಾತ್ರ ಕಾಯುವಂತಿಲ್ಲ. ಈ ರೋಗವನ್ನು ಉಲ್ಬಣಗೊಳಿಸುವ ಕಾರಣಗಳಲ್ಲಿ, ನಮ್ಮ ಕೈಯಲ್ಲಿ ತಡೆಯಬಹುದಾದ ದೊಡ್ಡ ಕಾರಣ ಧೂಮಪಾನ. ಹುಣಸೂರು, ಪಿರಿಯಾಪಟ್ಟಣಗಳ ಹೊಲದಲ್ಲಿ ಹೊಗೆಸೊಪ್ಪು ಬೆಳೆದು ಬ್ಯಾರನ್ನಿನಲ್ಲಿ ಬೇಯಿಸಿ ಮಾರುವ ನಮ್ಮವರು ಕೊನೆಯ ಪಕ್ಷ ಸೇದುವುದನ್ನಾದರೂ ಬಿಡಲಿ. ಪೆಟ್ಟು ಬಿದ್ದು ಕಣ್ಣಿನ ತಳದ ತೆಳು ಮೂಳೆ ಒಡೆದಾಗ ಗುಡ್ಡೆ ಒಳಕ್ಕೆ ಕುಸಿಯುತ್ತದೆ. ಟೈಟಾನಿಯಂ ಜಾಲರಿಯಂಥ ಆಧಾರವನ್ನಿಟ್ಟು ಅದನ್ನು ಎತ್ತುತ್ತಾರೆ. ಪೆಟ್ಟು ಬಿದ್ದ ಮಗು ಮೇಲೆ ನೋಡಲಾರದೆ ವಾಂತಿ ಮಾಡುತ್ತಿದ್ದರೆ, ಕಣ್ಣು ಕೆಂಪಾಗದೆ ಬೆಳ್ಳಗಿದ್ದರೂ ಸರಿಯೇ, ಸ್ನಾಯು ಬಿರುಕಿನಲ್ಲಿ ಸಿಕ್ಕಿರಬಹುದು. ಅಂದೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ನೋಟ ಪೂರ್ತಿ ಹೋಗಿ ಬತ್ತಿದ ಕಣ್ಣಿನ ಮೇಲೆ ಇನ್ನೊಂದು ಕಣ್ಣಿನ ಬಣ್ಣಕ್ಕೆ ಹೊಂದುವ ಕೃತಕ ಕಣ್ಣನ್ನು ಅಳತೆಗೆ ಮಾಡಿ ಕೂರಿಸುತ್ತಾರೆ. ಅದು ನೋಡಲಾರದು, ಆದರೆ ತಲೆಯೆತ್ತಿ ನಡೆಯುವ ಧೈರ್ಯ ಕೊಡುತ್ತದೆ.

ನಾಲ್ಕನೆಯದು ಮೂಳೆಯ ಗೂಡೇ ಮೇಲುಕೆಳಗಾಗಿರುವುದು. ಫ್ರಾನ್ಸಿನ ಪಾಲ್ ಟೆಸಿಯೆ 1960ರ ದಶಕದಲ್ಲಿ ಕಣ್ಣಿನ ಗೂಡನ್ನು ಸುತ್ತಲೂ ಕೊರೆದು ಸರಿಸುವ ಶಸ್ತ್ರಕ್ರಿಯೆಯನ್ನು ಸಾಧಿಸಿ ತೋರಿಸಿದರು. ತಲೆಬುರುಡೆಯ ಹುಟ್ಟುವಿಕಾರವಿರುವ ಮಕ್ಕಳಿಗೆ ಅದು ವರದಾನ. ಮಿದುಳಿನ ಸಮೀಪ ನಡೆಯುವ, ಅಪಾಯವುಳ್ಳ ಈ ಕೆಲಸ ಸಣ್ಣಪುಟ್ಟ ವ್ಯತ್ಯಾಸಕ್ಕೆ ತಕ್ಕದ್ದಲ್ಲ.

ಇಷ್ಟರಲ್ಲಿ ಕೆಲವು ಎಚ್ಚರಿಕೆಗಳನ್ನು ಬಿಡಿಸಿ ಹೇಳಬೇಕು. ಮಗುವಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿಯ ಹೊಳಪು ಕಂಡರೆ, ಅದರೊಡನೆ ಮೆಳ್ಳೆಯಿರಲಿ ಬಿಡಲಿ, ಅದು ಕಣ್ಣಿನ ಕ್ಯಾನ್ಸರಿನ ಗುರುತಾಗಿರಬಹುದು. ಬೇಗ ಹೋದರೆ ಪ್ರಾಣವನ್ನೂ ಎಷ್ಟೋ ವೇಳೆ ಕಣ್ಣನ್ನೂ ಉಳಿಸುತ್ತಾರೆ. ದೊಡ್ಡವರಲ್ಲಿ ಇದ್ದಕ್ಕಿದ್ದಂತೆ ರೆಪ್ಪೆ ಜೋತು, ತೀವ್ರ ತಲೆನೋವು ಬಂದು, ಒಂದು ಪಾಪೆ ಇನ್ನೊಂದಕ್ಕಿಂತ ಹಿಗ್ಗಿದ್ದರೆ ಮಿದುಳಿನ ರಕ್ತನಾಳ ಉಬ್ಬಿರಬಹುದು. ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಜೋಲುವ ರೆಪ್ಪೆ ನರಸ್ನಾಯು ರೋಗದ ಸೂಚನೆ, ಅದಕ್ಕೆ ಮಾತ್ರೆಗಳಿವೆ. ಸಕ್ಕರೆ ಕಾಯಿಲೆಯವರಿಗೆ ಹಠಾತ್ತಾಗಿ ಒಂದು ಎರಡಾಗಿ ಕಂಡರೂ ತಡಮಾಡಬಾರದು. ನಮ್ಮ ಕಾಡಂಚಿನ ಊರುಗಳಿಗೆ ಇನ್ನೊಂದು ಮಾತು: ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಎದ್ದಾಗ ಎರಡು ರೆಪ್ಪೆಗಳೂ ಭಾರವಾಗಿ ಇಳಿದು, ಮಾತು ತೊದಲುತ್ತಿದ್ದರೆ, ಮೈಮೇಲೆ ಗಾಯ ಕಾಣದಿದ್ದರೂ ಕಟ್ಟುಹಾವು ಕಚ್ಚಿರಬಹುದು. ಮಂತ್ರ, ಬೇರು ಎಂದು ಹೊತ್ತು ಕಳೆಯದೆ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಿರಿ.

ಕಣ್ಣಿನ ಶಸ್ತ್ರಕ್ರಿಯೆಯ ಭಯವನ್ನು ನಮ್ಮ ನಾಡಿನ ಹಳ್ಳಿಗಳಿಂದ ಓಡಿಸಿದ ಮಹನೀಯರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಅಗ್ರಗಣ್ಯರು. 1943ರಿಂದ ಊರೂರಿಗೆ ಹೋಗಿ ಶಿಬಿರ ಹೂಡಿ, ಒಂದೇ ದಿನದಲ್ಲಿ 833 ಮಂದಿಯ ಕಣ್ಣಿನ ಪೊರೆ ತೆಗೆದ ದಾಖಲೆ ಅವರದು. 2005ರಲ್ಲಿ ಅವರು ಲಿಂಗೈಕ್ಯರಾದರು. ಶಾಲೆಯ ಜಗಲಿಯೇ ಆಸ್ಪತ್ರೆಯಾದದ್ದನ್ನು ಕಂಡ ನಮ್ಮ ಹಿರಿಯರು, ಕಣ್ಣಿನ ಚಿಕಿತ್ಸೆಯೆಂದರೆ ಶಿಬಿರ, ಶಿಬಿರವೆಂದರೆ ಮುದುಕರ ಪೊರೆ ಎಂದು ತಿಳಿದುಕೊಂಡರು. ಮಕ್ಕಳ ಅಸಮ ಕಣ್ಣು ಆ ಬಗೆಯ ಕೆಲಸವಲ್ಲ. ಅದಕ್ಕೆ ಮತ್ತೆ ಮತ್ತೆ ಅಳತೆ, ಕನ್ನಡಕ, ಪಟ್ಟಿ, ಅರಿವಳಿಕೆ, ತಿಂಗಳುಗಟ್ಟಲೆಯ ಮರುಭೇಟಿ ಬೇಕು. ಶಿಬಿರ ನಮ್ಮ ಬಾಗಿಲಿಗೆ ಬರಲೆಂದು ಕಾಯದೆ ನಾವೇ ಹೋಗಬೇಕು.

ಹೋಗಲು ದಾರಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಆ ದಿನ ಮಗುವನ್ನು ತಪ್ಪಿಸಬೇಡಿ. ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಪಡೆದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಹೋಗಬಹುದು. ಅಲ್ಲಿಗೂ ಮೀರಿದ್ದಾದರೆ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆ ಸೇರುವುದೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸಿ. ಹೋಗುವಾಗ ಮಗುವಿನ ಹಳೆಯ ಚಿತ್ರಗಳನ್ನು ಕೊಂಡೊಯ್ಯಿರಿ. ದೋಷ ಎಂದಿನಿಂದ ಎಂಬುದನ್ನು ಅವು ಹೇಳುತ್ತವೆ. ವೈದ್ಯರನ್ನು ಸಂಕೋಚವಿಲ್ಲದೆ ನಾಲ್ಕು ಮಾತು ಕೇಳಿ: ಕಾರಣವೇನು? ಎರಡು ಕಣ್ಣಿನ ನೋಟವೂ ಬೇರೆ ಬೇರೆಯಾಗಿ ಎಷ್ಟಿದೆ? ಈ ಶಸ್ತ್ರಕ್ರಿಯೆಯಿಂದ ನೋಟ ಉಳಿಯುವುದೋ, ರೂಪ ಮಾತ್ರ ಸರಿಹೋಗುವುದೋ? ಕಾಯ್ದರೆ ನಷ್ಟವೇನು? ವಯಸ್ಸಾದ ಮೇಲೆ ರೂಪಕ್ಕಾಗಿಯೇ ಮೆಳ್ಳೆಯನ್ನು ಸರಿಪಡಿಸಿಕೊಂಡರೂ ತಪ್ಪಿಲ್ಲ. ಎದುರಿನವರ ಕಣ್ಣಿಗೆ ಕಣ್ಣಿಟ್ಟು ಮಾತನಾಡುವ ನೆಮ್ಮದಿ ಸಣ್ಣದೇನಲ್ಲ. ಆದರೆ ರೂಪಕ್ಕೆ ಯಾವಾಗ ಬೇಕಾದರೂ ಮುಹೂರ್ತ ಸಿಗುತ್ತದೆ. ನೋಟಕ್ಕೆ ಬಾಲ್ಯವೊಂದೇ ಮುಹೂರ್ತ.

ಹೋದ ವರ್ಷ ನನ್ನ ತಂಗಿಯ ಮೊಮ್ಮಗಳಿಗೆ ನಾಲ್ಕು ತುಂಬಿತು. ಅವಳ ಎಡಗಣ್ಣೂ ಒಳಕ್ಕೆ ವಾಲುತ್ತಿದೆಯೆಂದು ಅಂಗನವಾಡಿಗೆ ಬಂದ ತಂಡದವರು ಹೇಳಿದರು. ಬೀಗರ ಕಡೆಯ ಹಿರಿಯರೊಬ್ಬರು, ‘ಬಿಡಿ, ಅದೃಷ್ಟದ ಕಣ್ಣು’ ಎಂದರಂತೆ. ತಂಗಿ, ‘ಆ ಅದೃಷ್ಟವನ್ನು ನಾನು ಉಂಡಿದ್ದೇನೆ, ಇವಳಿಗೆ ಬೇಡ’ ಎಂದು ಹೇಳಿ ಮರುದಿನವೇ ಸೊಸೆಯನ್ನು ಹೊರಡಿಸಿಕೊಂಡು ಮೈಸೂರಿಗೆ ಹೋದಳು. ವೈದ್ಯರು ಹನಿಮದ್ದು ಹಾಕಿ ಪರೀಕ್ಷಿಸಿ ಕನ್ನಡಕ ಕೊಟ್ಟರು, ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಹಾಕಲು ಹೇಳಿದರು. ಕನ್ನಡಕದಿಂದ ಮೆಳ್ಳೆ ಬಹುಪಾಲು ಇಳಿದಿದೆ. ಉಳಿದ ಅಲ್ಪಕ್ಕೆ ಶಸ್ತ್ರ ಬೇಕೇ ಎಂಬುದನ್ನು ಮುಂದಿನ ಭೇಟಿಯಲ್ಲಿ ನೋಡುತ್ತಾರಂತೆ. ಮಗು ಪಟ್ಟಿ ಕಿತ್ತೊಗೆಯದಂತೆ ಆ ಎರಡು ಗಂಟೆ ಕಾಯುವವಳು ನನ್ನ ತಂಗಿ. ಮೊಮ್ಮಗಳ ಕೈಗೆ ಮರದ ತುಂಬ ಅವರೆಕಾಳು ಕೊಟ್ಟು, ಎಡಗಣ್ಣಿನಿಂದ ನೋಡಿ ಎಣಿಸಿ ಬಟ್ಟಲಿಗೆ ಹಾಕು ಎನ್ನುತ್ತಾಳೆ. ಮೊನ್ನೆ ನಾನು ಹೋಗಿದ್ದಾಗ ಮಗು ಎಣಿಕೆ ತಪ್ಪದೆ ನೂರರವರೆಗೆ ಹಾಕಿತು. ತಂಗಿಗೆ ಕಾಳು ಕಾಣುವುದಿಲ್ಲ. ಬಟ್ಟಲಿಗೆ ಬೀಳುವ ಸದ್ದನ್ನು ಅವಳೂ ಎಣಿಸುತ್ತಿದ್ದಳು.

ತಾಯಂದಿರೇ, ಇಂದು ಸಂಜೆ ನಿಮ್ಮ ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಆಟವಾಡಿಸಿ ನೋಡಿ, ಆಮೇಲೆ ಇನ್ನೊಂದನ್ನು. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದನ್ನು ಮುಚ್ಚಿದಾಗ ಮಾತ್ರ ಮಗು ಅತ್ತು ಕೈ ತಳ್ಳಿದರೆ, ಅದನ್ನು ಹಟವೆಂದು ನಗಬೇಡಿ. ನಾವು ಒಮ್ಮೆ ನಕ್ಕಿದ್ದೆವು.